ತಾಯಿ ಮೀನಿದೆ, ಮರಿಯಿಲ್ಲ: ಅಮೆರಿಕದ ಸ್ಟ್ರೈಪ್ಡ್ ಬಾಸ್ ಯಾಕೆ ಕಡಿಮೆಯಾಗುತ್ತಿದೆ?

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 1954ರಿಂದ ಒಂದು ಲೆಕ್ಕ ನಡೆದುಕೊಂಡು ಬಂದಿದೆ. ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಸರ್ಕಾರದ ಮೀನು ತಜ್ಞರು ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳ ದಡಕ್ಕೆ ಹೋಗುತ್ತಾರೆ. ಕೈಯಲ್ಲಿ 100 ಅಡಿ ಉದ್ದದ ಬಲೆ. ನಮ್ಮ ಕರಾವಳಿಯ ಕೈರಂಪಣಿಯ ಹಾಗೆ ದಡಕ್ಕೇ ಎಳೆಯುವಂಥದ್ದು. ಗೊತ್ತುಮಾಡಿದ 22 ಜಾಗ, ಪ್ರತಿ ಜಾಗದಲ್ಲೂ ತಿಂಗಳಿಗೆ ಎರಡು ಎಳೆತ. ಒಟ್ಟು 132 ಎಳೆತ. ಆ ವರ್ಷ ಹುಟ್ಟಿದ ಸ್ಟ್ರೈಪ್ಡ್ ಬಾಸ್ ಮರಿಗಳನ್ನು ಎಣಿಸಿ, ಮತ್ತೆ ನೀರಿಗೆ ಬಿಡುತ್ತಾರೆ. ಒಂದು ಎಳೆತಕ್ಕೆ ಸರಾಸರಿ ಎಷ್ಟು ಮರಿ ಸಿಕ್ಕಿತು ಅನ್ನುವುದೇ ಆ ವರ್ಷದ ಅಂಕಿ.

ಈ ಅಂಕಿಯ ದೀರ್ಘಕಾಲದ ಸರಾಸರಿ ಸುಮಾರು 11. 1996ರಲ್ಲಿ 59 ದಾಟಿತ್ತು, ಅದೇ ಇವತ್ತಿಗೂ ದಾಖಲೆ. 2011ರಲ್ಲಿ 34, 2015ರಲ್ಲಿ 24. ಆಮೇಲೆ ಸರಾಸರಿಗಿಂತ ಮೇಲೆ ಹೋದದ್ದು 2018ರಲ್ಲೇ ಕೊನೆ. ಅಲ್ಲಿಂದ ಮುಂದೆ ಬರೀ ಇಳಿತ. 2023ರಲ್ಲಿ ಸಿಕ್ಕಿದ್ದು ಎಳೆತಕ್ಕೆ ಒಂದು ಮರಿ. 2019ರಿಂದ 2025ರವರೆಗಿನ ಏಳು ವರ್ಷಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ವರ್ಷ 2025. ಆಗಲೂ ಬಂದದ್ದು 4.

ಮೀನಿನ ಸಂತಾನದಲ್ಲಿ ಏರಿಳಿತ ಹೊಸದಲ್ಲ. 2012ರಲ್ಲಿ ಈ ಅಂಕಿ 0.9ಕ್ಕೆ ಇಳಿದಿತ್ತು, ಯಾರೂ ಅಷ್ಟೇನೂ ಹೆದರಲಿಲ್ಲ. ಹಿಂದಿನ ವರ್ಷವಷ್ಟೇ 34 ಬಂದಿತ್ತಲ್ಲ. ಏಳು ವರ್ಷ ಸಾಲಾಗಿ ಬಿದ್ದಾಗ ಮಾತ್ರ ಎಲ್ಲರಿಗೂ ಒಂದೇ ಪ್ರಶ್ನೆ: ಏನಾಗಿದೆ? ಗಾಳ ಹಾಕುವವರು, ಬಲೆ ಬೀಸುವವರು, ವಿಜ್ಞಾನಿಗಳು, ಎಲ್ಲರ ಬಳಿಯೂ ಉತ್ತರ ಇದೆ. ತೊಂದರೆ ಅಂದರೆ ಆ ಉತ್ತರಗಳು ಬೇರೆಬೇರೆ.

ಎಂಥ ಮೀನಿದು

ಬೆಳ್ಳಿ ಬಣ್ಣದ ಮೈ, ಕಿವಿರಿನಿಂದ ಬಾಲದವರೆಗೆ ಏಳೆಂಟು ಕಪ್ಪು ಗೆರೆ. ನ್ಯೂಯಾರ್ಕ್, ಬಾಸ್ಟನ್ ಕಡೆಯವರು ಸ್ಟ್ರೈಪರ್ ಅನ್ನುತ್ತಾರೆ, ಚೆಸಪೀಕ್ ಕಡೆಯವರಿಗೆ ಇದು ರಾಕ್‌ಫಿಶ್. ಬದುಕುವುದು ಉಪ್ಪುನೀರಿನಲ್ಲಿ, ಮೊಟ್ಟೆ ಇಡುವುದು ಸಿಹಿನೀರಿನಲ್ಲಿ. ಚಳಿಗಾಲ ಮುಗಿದು ನೀರು ಬೆಚ್ಚಗಾಗುತ್ತಿದ್ದಂತೆ, ಏಪ್ರಿಲ್, ಮೇ ಹೊತ್ತಿಗೆ ನದಿ ಹತ್ತುತ್ತದೆ. ಮೊಟ್ಟೆ ಇಟ್ಟು ಮುಗಿದ ಮೇಲೆ ದೊಡ್ಡ ಹೆಣ್ಣು ಮೀನುಗಳು ಸಮುದ್ರಕ್ಕಿಳಿದು ದಡದ ಗುಂಟ ಉತ್ತರಕ್ಕೆ, ಮೇನ್ ರಾಜ್ಯದವರೆಗೂ ಹೋಗುತ್ತವೆ. ಚಳಿ ಶುರುವಾದರೆ ಮತ್ತೆ ದಕ್ಷಿಣಕ್ಕೆ. ಹಡ್ಸನ್, ಡೆಲವೇರ್ ನದಿಗಳಲ್ಲೂ ಇವು ಹುಟ್ಟುತ್ತವೆ. ಆದರೆ ಅಟ್ಲಾಂಟಿಕ್ ದಡದ ಬಹುಪಾಲು ಸ್ಟ್ರೈಪರ್‌ಗಳ ತವರು ಚೆಸಪೀಕ್. ಅಲ್ಲಿ ಮರಿಯಾಗದಿದ್ದರೆ ನೂರಾರು ಮೈಲಿ ದೂರದ ಮ್ಯಾಸಚೂಸೆಟ್ಸ್‌ನಲ್ಲಿ ಗಾಳಕ್ಕೆ ಮೀನು ಸಿಗುವುದಿಲ್ಲ.

ಇನ್ನೊಂದು ವಿಷಯ ನೆನಪಿಡಬೇಕು. ಈ ಹೆಣ್ಣು ಮೀನು 30 ವರ್ಷದವರೆಗೂ ಬದುಕಬಲ್ಲದು. ದೊಡ್ಡದಾದಷ್ಟೂ ಮೊಟ್ಟೆ ಜಾಸ್ತಿ. ಚಿಕ್ಕದು ಕೆಲವು ಲಕ್ಷ ಇಟ್ಟರೆ ದೊಡ್ಡದು ಹತ್ತಿಪ್ಪತ್ತು ಲಕ್ಷಕ್ಕೂ ಮೀರಿ ಇಡುತ್ತದೆ. ಇಷ್ಟು ದೀರ್ಘ ಆಯುಸ್ಸು ಯಾಕೆ ಬೇಕು ಈ ಮೀನಿಗೆ? ಹೆಚ್ಚಿನ ವರ್ಷಗಳಲ್ಲಿ ಅದರ ಮರಿಗಳು ಉಳಿಯುವುದೇ ಇಲ್ಲ, ಅದಕ್ಕೆ. ನದಿಯ ನೀರು, ಚಳಿ, ಆಹಾರ ಎಲ್ಲ ಕೂಡಿಬರುವುದು ಯಾವಾಗಲೋ ಒಮ್ಮೆ. ಆ ಒಂದು ವರ್ಷ ಸಿಗುವವರೆಗೆ ತಾಯಿ ಬದುಕಿರಬೇಕು, ಪ್ರತಿ ವರ್ಷ ಮೊಟ್ಟೆ ಇಡುತ್ತಲೇ ಇರಬೇಕು. 1996, 2011, 2015ರಂಥ ಒಳ್ಳೆಯ ಬ್ಯಾಚುಗಳೇ ಮುಂದಿನ ಹತ್ತು ಹದಿನೈದು ವರ್ಷ ಇಡೀ ಕರಾವಳಿಯ ಮೀನುಗಾರಿಕೆಯನ್ನು ಹೊತ್ತು ಸಾಗಿಸಿವೆ.

ಅಮೆರಿಕದ ಚರಿತ್ರೆಯಲ್ಲೂ ಈ ಮೀನಿಗೆ ಜಾಗ ಇದೆ. 1639ರಲ್ಲೇ ಮ್ಯಾಸಚೂಸೆಟ್ಸ್ ಬೇ ವಸಾಹತು ಸ್ಟ್ರೈಪ್ಡ್ ಬಾಸ್ ಮತ್ತು ಕಾಡ್ ಮೀನನ್ನು ಹೊಲಕ್ಕೆ ಗೊಬ್ಬರವಾಗಿ ಹಾಕಬಾರದು ಅಂತ ಕಾನೂನು ಮಾಡಿತು. ಅಂದರೆ ಅಲ್ಲಿಯವರೆಗೆ ಹಾಕುತ್ತಿದ್ದರು, ಅಷ್ಟಿತ್ತು ಮೀನು! 1670ರಲ್ಲಿ ಪ್ಲಿಮತ್ ವಸಾಹತು ಕೇಪ್ ಕಾಡ್‌ನ ಬಾಸ್, ಬಂಗುಡೆ ಜಾತಿಯ ಮೀನು, ಹೆರಿಂಗ್ ಮೀನುಗಾರಿಕೆಯಿಂದ ಬಂದ ಹಣವನ್ನು ಉಚಿತ ಶಾಲೆಗೆ ಕೊಟ್ಟಿತು. 1879ರಲ್ಲಂತೂ ನ್ಯೂಜೆರ್ಸಿಯ ನವೆಸಿಂಕ್ ನದಿಯಿಂದ ಹಿಡಿದ ಮರಿಗಳನ್ನು ರೈಲಿನಲ್ಲಿ ದೇಶದ ಆ ತುದಿಗೆ ಸಾಗಿಸಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬಳಿ ಬಿಟ್ಟರು. ಬದುಕಿ ತಲುಪಿದ್ದು 132. ಮೂರು ವರ್ಷ ಬಿಟ್ಟು ಇನ್ನೊಂದಿಷ್ಟು ಒಯ್ದರು. ಅಷ್ಟರಿಂದಲೇ ಕ್ಯಾಲಿಫೋರ್ನಿಯಾದಲ್ಲಿ ಹತ್ತೇ ವರ್ಷದೊಳಗೆ ಮಾರುಕಟ್ಟೆಗೆ ಬರುವಷ್ಟು ಮೀನಾಯಿತು. ನೀರು ಒಗ್ಗಿದರೆ ಈ ಮೀನು ಎಷ್ಟು ಬೇಗ ಹೆಚ್ಚುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಒಮ್ಮೆ ಮುಳುಗಿ ಎದ್ದ ಕಥೆ

ಈಗಿನ ಜಗಳ ಅರ್ಥವಾಗಬೇಕಾದರೆ 1980ರ ದಶಕಕ್ಕೆ ಹೋಗಬೇಕು. 1973ರಲ್ಲಿ ಮಾರಾಟಕ್ಕೆ ಹಿಡಿದ ಸ್ಟ್ರೈಪರ್ ಸುಮಾರು 1.5 ಕೋಟಿ ಪೌಂಡು, ಅಂದರೆ 6,800 ಟನ್. ಹತ್ತು ವರ್ಷದಲ್ಲಿ, 1983ಕ್ಕೆ, ಅದು 35 ಲಕ್ಷ ಪೌಂಡಿಗೆ ಕುಸಿಯಿತು. ಆಗಲೂ ಕಾರಣಗಳ ದೊಡ್ಡ ಪಟ್ಟಿಯೇ ಇತ್ತು. ಆಮ್ಲ ಮಳೆಯಿಂದ ನದಿಯ ನೀರು ಕೆಡುತ್ತಿದೆ ಅಂದರು. ಕಾರ್ಖಾನೆಯ ವಿಷ ಅಂದರು. ಹಡ್ಸನ್ ನದಿಯಲ್ಲಿ ಪಿಸಿಬಿ ಅನ್ನುವ ರಾಸಾಯನಿಕ ಮೀನಿನ ಮೈಯಲ್ಲಿ ಎಷ್ಟು ಸೇರಿತ್ತೆಂದರೆ, 1976ರಲ್ಲಿ ಅಲ್ಲಿ ಮಾರಾಟಕ್ಕೆ ಸ್ಟ್ರೈಪರ್ ಹಿಡಿಯುವುದನ್ನೇ ನಿಲ್ಲಿಸಿದ್ದರು. ಇದೆಲ್ಲದರ ಜೊತೆಗೆ ವಿಪರೀತ ಹಿಡಿತ ಇದ್ದೇ ಇತ್ತು.

1984ರಲ್ಲಿ ಅಮೆರಿಕದ ಸಂಸತ್ತು ಈ ಒಂದು ಮೀನಿಗಾಗಿಯೇ ಒಂದು ಕಾಯ್ದೆ ಮಾಡಿತು. ಮೀನು ಒಂದು ರಾಜ್ಯದಲ್ಲಿ ಹುಟ್ಟಿ ಇನ್ನೊಂದರಲ್ಲಿ ಬೆಳೆಯುತ್ತದೆ. ಹಾಗಾಗಿ ಅಟ್ಲಾಂಟಿಕ್ ದಡದ ರಾಜ್ಯಗಳೆಲ್ಲ ಸೇರಿ ಮಾಡಿಕೊಂಡ ಮೀನುಗಾರಿಕೆ ಆಯೋಗವೊಂದಿದೆ, 1942ರಿಂದ. ಈ ಆಯೋಗ ಹೇಳಿದ ನಿಯಮವನ್ನು ಪಾಲಿಸದ ರಾಜ್ಯದಲ್ಲಿ ಸ್ಟ್ರೈಪರ್ ಮೀನುಗಾರಿಕೆಯನ್ನೇ ಮುಚ್ಚಿಸುವ ಅಧಿಕಾರ ಕೇಂದ್ರಕ್ಕೆ ಬಂತು. 1985ರ ಜನವರಿಯಿಂದ ಮೇರಿಲ್ಯಾಂಡ್ ಸ್ಟ್ರೈಪರ್ ಹಿಡಿಯುವುದನ್ನೇ ಪೂರ್ತಿ ನಿಷೇಧಿಸಿತು. ಗಾಳಕ್ಕೂ ಇಲ್ಲ, ಬಲೆಗೂ ಇಲ್ಲ. ಐದು ವರ್ಷ ಹಾಗೇ ಇತ್ತು. ಉಳಿದ ರಾಜ್ಯಗಳು 1982ರ ಬ್ಯಾಚಿನ ಹೆಣ್ಣು ಮೀನುಗಳು ಒಂದು ಸಲವಾದರೂ ಮೊಟ್ಟೆ ಇಡುವವರೆಗೆ ಅವನ್ನು ಮುಟ್ಟದಂತೆ ಅಳತೆಯ ಮಿತಿಯನ್ನು ವರ್ಷ ವರ್ಷ ಏರಿಸುತ್ತಾ ಹೋದವು. 1989ರಲ್ಲಿ ಮರಿಗಳ ಅಂಕಿ ಚೆನ್ನಾಗಿ ಬಂತು. 1993ರಲ್ಲಿ ಇನ್ನೂ ಚೆನ್ನಾಗಿ. 1995ರಲ್ಲಿ ಮೀನು ಚೇತರಿಸಿಕೊಂಡಿದೆ ಅಂತ ಘೋಷಿಸಿದರು.

ಮೀನುಗಾರಿಕೆ ನಿರ್ವಹಣೆಯ ಪಾಠಗಳಲ್ಲಿ ಇದು ಇವತ್ತಿಗೂ ದೊಡ್ಡ ಗೆಲುವು. ಹಿಡಿಯುವುದನ್ನು ನಿಲ್ಲಿಸಿ, ಮೀನು ತಾನಾಗೇ ಬರುತ್ತದೆ ಅನ್ನುವ ನಂಬಿಕೆ ಅಲ್ಲಿಂದಲೇ ಬಂದದ್ದು. ನಂಬಿಕೆ ತಪ್ಪಲ್ಲ, ಆದರೆ ಅದರಲ್ಲಿ ಅರ್ಧ ಕಥೆ ಬಿಟ್ಟುಹೋಗಿದೆ. ನಿಷೇಧದಿಂದ ಉಳಿದದ್ದು ತಾಯಿ ಮೀನು. ಅದು ಕಾದುಕೊಂಡಿತ್ತು. 1989ರಲ್ಲಿ, 1993ರಲ್ಲಿ ನದಿ ಕೈಹಿಡಿಯಿತು. ಈ ಎರಡನೆಯದು ಯಾವ ಆಯೋಗದ ಕೈಯಲ್ಲೂ ಇರಲಿಲ್ಲ.

ದೊಡ್ಡ ಮೀನು ಕಡಿಮೆಯಾದದ್ದು ಯಾಕೆ

ಈಗಿನ ಕುಸಿತದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಜನ ಅವನ್ನು ಒಂದೇ ಅಂದುಕೊಂಡು ಜಗಳ ಆಡುತ್ತಾರೆ. ಒಂದು, ಬೆಳೆದ ಮೀನು ಕಡಿಮೆಯಾದದ್ದು. ಇನ್ನೊಂದು, ಮರಿ ಉಳಿಯದೇ ಇರುವುದು.

ಮೊದಲನೆಯದಕ್ಕೆ ಉತ್ತರ ಬಹುಮಟ್ಟಿಗೆ ಗೊತ್ತಿದೆ: ಮನುಷ್ಯ ಜಾಸ್ತಿ ಹಿಡಿದ. 2019ರಲ್ಲಿ ಹೊರಬಂದ ದೊಡ್ಡ ಲೆಕ್ಕಾಚಾರದ ಪ್ರಕಾರ, 2017ರಲ್ಲಿ ಮೊಟ್ಟೆ ಇಡುವ ವಯಸ್ಸಿನ ಹೆಣ್ಣು ಮೀನುಗಳ ಒಟ್ಟು ತೂಕ 15.1 ಕೋಟಿ ಪೌಂಡು. ಇದಕ್ಕಿಂತ ಇಳಿಯಬಾರದು ಅಂತ ಇಟ್ಟುಕೊಂಡಿದ್ದ ಗೆರೆ 20.2 ಕೋಟಿ. ಆ ಗೆರೆ ಬೇರೇನಲ್ಲ, ಚೇತರಿಸಿಕೊಂಡಿದೆ ಅಂತ ಘೋಷಿಸಿದ 1995ರಲ್ಲಿ ಎಷ್ಟಿತ್ತೋ ಅಷ್ಟು.

ಯಾರು ಹಿಡಿದರು? ಇಲ್ಲಿ ಹೊರಗಿನವರಿಗೆ ಆಶ್ಚರ್ಯ ಆಗುವ ಸಂಗತಿ ಇದೆ. ನಮ್ಮ ಕಡೆ ಮೀನು ಕಡಿಮೆಯಾಯಿತು ಅಂದರೆ ಕಣ್ಣು ಹೋಗುವುದು ಟ್ರಾಲ್ ಬೋಟಿನ ಕಡೆಗೆ, ಪರ್ಸೀನ್ ಬೋಟಿನ ಕಡೆಗೆ. ಸ್ಟ್ರೈಪರ್ ವಿಷಯದಲ್ಲಿ ಹಾಗಲ್ಲ. 2017ರಲ್ಲಿ ಮನುಷ್ಯರಿಂದ ಸತ್ತ ಸ್ಟ್ರೈಪರ್‌ಗಳಲ್ಲಿ ಮಾರಾಟಕ್ಕೆ ಹಿಡಿದವು ನೂರಕ್ಕೆ 8. ಮಾರಾಟದವರ ಬಲೆಗೆ ಸುಮ್ನೆ ಸಿಕ್ಕಿ ಸತ್ತವು 2. ಉಳಿದ 90 ಹವ್ಯಾಸಕ್ಕೆ ಗಾಳ ಹಾಕುವವರ ಖಾತೆಗೆ. ಅದರಲ್ಲಿ 42 ಅವರು ಮನೆಗೆ ಒಯ್ದದ್ದು. ಇನ್ನುಳಿದ 48, ಅಂದರೆ ಹೆಚ್ಚಿನ ಪಾಲು, ಅವರು ಹಿಡಿದು ವಾಪಸ್ ನೀರಿಗೆ ಬಿಟ್ಟದ್ದು.

ಬಿಟ್ಟ ಮೀನು ಹೇಗೆ ಸಾಯುತ್ತದೆ? ಕೊಕ್ಕೆ ಗಂಟಲಿಗೋ ಕಿವಿರಿಗೋ ಇಳಿದಿರುತ್ತದೆ. ಇಲ್ಲವೇ ಬಹಳ ಹೊತ್ತು ಎಳೆದಾಡಿ ಮೀನು ದಣಿದಿರುತ್ತದೆ. ಫೋಟೋ ತೆಗೆಯಲು ಗಾಳಿಯಲ್ಲಿ ಹಿಡಿದುಕೊಂಡಿರುತ್ತಾರೆ. ನೀರಿಗೆ ಬಿಟ್ಟಾಗ ಈಜಿಕೊಂಡೇ ಹೋಗುತ್ತದೆ, ಆಮೇಲೆ ಸಾಯುತ್ತದೆ. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ನಡೆದ ಪ್ರಯೋಗವೊಂದರ ಆಧಾರದ ಮೇಲೆ, ಬಿಟ್ಟ ಮೀನಿನಲ್ಲಿ ನೂರಕ್ಕೆ 9 ಸಾಯುತ್ತವೆ ಅಂತ ಲೆಕ್ಕ ಹಿಡಿಯುತ್ತಾರೆ. ಇದು ಸರಾಸರಿ ಮಾತ್ರ. ತಣ್ಣನೆಯ ಉಪ್ಪುನೀರಿನಲ್ಲಿ ಕಡಿಮೆ ಇರಬಹುದು. ಬೇಸಿಗೆಯ ಬಿಸಿ ನೀರಿನಲ್ಲಿ, ಉಪ್ಪು ಕಡಿಮೆ ಇರುವ ಕೊಲ್ಲಿಯೊಳಗೆ, ಬಹಳ ಜಾಸ್ತಿ. ಒಂದು ಮೀನಿಗೆ 9 ಪರ್ಸೆಂಟ್ ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಆದರೆ ವರ್ಷಕ್ಕೆ ಕೋಟಿಗಟ್ಟಲೆ ಸ್ಟ್ರೈಪರ್‌ಗಳನ್ನು ಹಿಡಿದು ಬಿಡುತ್ತಾರೆ. ಗುಣಿಸಿ ನೋಡಿದರೆ ಗೊತ್ತಾಗುತ್ತದೆ.

ಈ ಅಂಕಿಗಳ ಬಗ್ಗೆಯೂ ತಕರಾರಿದೆ. ಹವ್ಯಾಸಕ್ಕೆ ಗಾಳ ಹಾಕುವವರು ಎಲ್ಲೂ ಲೆಕ್ಕ ಒಪ್ಪಿಸುವುದಿಲ್ಲ. ಸರ್ಕಾರ ಅಂಚೆಯಲ್ಲಿ ಪ್ರಶ್ನೆ ಕಳಿಸಿ, ದಡದಲ್ಲಿ ನಿಂತು ಕೇಳಿ ಅಂದಾಜು ಮಾಡುತ್ತದೆ. 2018ರಲ್ಲಿ ವಿಧಾನ ಬದಲಿಸಿದಾಗ ಹಳೆಯ ವರ್ಷಗಳ ಅಂದಾಜೂ ಸೇರಿ ಎಲ್ಲ ಒಂದೇಟಿಗೆ ಮೇಲೇರಿತು. 2023ರಲ್ಲಿ ಅದೇ ಇಲಾಖೆ, ಈ ಹೊಸ ವಿಧಾನ ಸ್ವಲ್ಪ ಜಾಸ್ತಿಯೇ ತೋರಿಸುತ್ತಿರಬಹುದು ಅಂದಿತು. ನಂಬದೇ ಇರಲು ಇಷ್ಟಪಡುವವರಿಗೆ ಅದು ಸಾಕಾಯಿತು. ಆದರೂ ಅಂಕಿ ಸ್ವಲ್ಪ ಹಿಂದೆಮುಂದೆ ಆದ ಮಾತ್ರಕ್ಕೆ ಗಾಳದವರ ಪಾಲು ಬಲೆಯವರ ಪಾಲಿಗಿಂತ ಚಿಕ್ಕದಾಗಿಬಿಡುವುದಿಲ್ಲ.

ಮರಿ ಯಾಕೆ ಉಳಿಯುತ್ತಿಲ್ಲ

ಈಗ ಎರಡನೆಯ ತೊಂದರೆ. 2024ರಲ್ಲಿ ಲೆಕ್ಕವನ್ನು ಮತ್ತೆ ಹೊಸದು ಮಾಡಿದರು. ಅದರ ಪ್ರಕಾರ 2023ರಲ್ಲಿ ಹೆಣ್ಣು ಮೀನುಗಳ ತೂಕ 19.1 ಕೋಟಿ ಪೌಂಡು. ಪರಿಷ್ಕರಿಸಿದ ಗೆರೆ 19.7 ಕೋಟಿ. ಗೆರೆಯ ಕೆಳಗೇ ಇದೆ, ಆದರೆ ಹತ್ತಿರ ಬಂದಿದೆ. ಹಾಗಾದರೆ ತಾಯಂದಿರು ಸುಮಾರಾಗಿ ಇದ್ದಾರೆ. ಇದಕ್ಕಿಂತ ಕಡಿಮೆ ತಾಯಂದಿರಿದ್ದ 1989ರಲ್ಲಿ ಒಳ್ಳೆಯ ಬ್ಯಾಚ್ ಬಂದಿತ್ತು. ಈಗ ಯಾಕೆ ಬರುತ್ತಿಲ್ಲ?

ಸ್ಟ್ರೈಪರ್ ಮೊಟ್ಟೆ ನೀರಿಗಿಂತ ತುಸುವೇ ಭಾರ. ನದಿ ಹರಿಯುತ್ತಿದ್ದರೆ ತೇಲುತ್ತದೆ, ನಿಂತರೆ ತಳಕ್ಕೆ ಕೂತು ಹೂಳಿನಲ್ಲಿ ಉಸಿರು ಕಟ್ಟಿ ಸಾಯುತ್ತದೆ. ಎರಡು ಮೂರು ದಿನದಲ್ಲಿ ಒಡೆದು ಮರಿ ಹೊರಬರುತ್ತದೆ. ಹೊಟ್ಟೆಗೆ ಅಂಟಿಕೊಂಡ ಹಳದಿಯ ಬುತ್ತಿ ಕೆಲವು ದಿನಕ್ಕಾಗುತ್ತದೆ. ಅದು ಮುಗಿಯುವಷ್ಟರಲ್ಲಿ ಬಾಯಿಗೆ ಹಿಡಿಸುವಷ್ಟು ಚಿಕ್ಕ ಜೀವಿಗಳು, ಕೋಪಿಪಾಡ್ ಥರದ ಪ್ರಾಣಿ ಪ್ಲವಕಗಳು, ಸುತ್ತಲೂ ತುಂಬಿರಬೇಕು. ಇವು ಅತಿ ಜಾಸ್ತಿ ಸಿಗುವುದು ಅಳಿವೆಯ ಮೇಲ್ಭಾಗದಲ್ಲಿ, ಸಿಹಿನೀರು ಉಪ್ಪುನೀರಿಗೆ ತಾಗಿ ಕದಡುವ ಜಾಗದಲ್ಲಿ.

ಚಳಿಗಾಲ ಕಡುವಾಗಿದ್ದು, ವಸಂತದಲ್ಲಿ ಚೆನ್ನಾಗಿ ಮಳೆಯಾಗಿ ನದಿ ತುಂಬಿ ಹರಿದರೆ ಎಲ್ಲ ಹೊಂದುತ್ತದೆ. ಪ್ಲವಕಗಳು ತಡವಾಗಿ ಹೆಚ್ಚುತ್ತವೆ, ಮರಿ ಒಡೆಯುವ ಹೊತ್ತಿಗೆ ಸರಿಯಾಗಿ ತುಂಬಿರುತ್ತವೆ. ಚಳಿಗಾಲ ಬೆಚ್ಚಗಿದ್ದು ಮಳೆ ಕಡಿಮೆಯಾದರೆ ಅವು ಮೊದಲೇ ಹೆಚ್ಚಿ, ಮೊದಲೇ ಕರಗಿಹೋಗುತ್ತವೆ. ಊಟದ ಪಂಕ್ತಿ ಎದ್ದ ಮೇಲೆ ಬಂದ ನೆಂಟರ ಗತಿ ಮರಿಗಳದ್ದು. ಇತ್ತೀಚಿನ ವರ್ಷಗಳಲ್ಲಿ ಚೆಸಪೀಕ್ ಸುತ್ತಮುತ್ತ ಇಂಥ ಬೆಚ್ಚನೆಯ, ಒಣ ಚಳಿಗಾಲ ಮತ್ತು ವಸಂತಗಳೇ ಮತ್ತೆಮತ್ತೆ ಬಂದಿವೆ. ಮೇರಿಲ್ಯಾಂಡ್ ಸರ್ಕಾರದ ತಜ್ಞರು ಬೊಟ್ಟು ಮಾಡುವುದೂ ಇದಕ್ಕೇ. ಅವರ ಮಾತಿಗೆ ಒಂದು ಬಲವಾದ ಆಧಾರ ಇದೆ: ಸ್ಟ್ರೈಪರ್ ಹಾಗೆಯೇ ವಸಂತದಲ್ಲಿ ನದಿ ಹತ್ತಿ ಮೊಟ್ಟೆ ಇಡುವ ವೈಟ್ ಪರ್ಚ್‌ನಂಥ ಮೀನುಗಳ ಮರಿಗಳೂ ಇದೇ ಕೆಟ್ಟ ವರ್ಷಗಳಲ್ಲಿ ಕಡಿಮೆಯಾಗಿವೆ. ಬರೀ ಸ್ಟ್ರೈಪರ್ ಹಿಡಿದದ್ದರಿಂದ ಇದು ಆಗಿದ್ದರೆ ಉಳಿದ ಮೀನಿನ ಮರಿಗಳು ಯಾಕೆ ಕಡಿಮೆಯಾಗಬೇಕಿತ್ತು?

ಇನ್ನು ಎಲ್ಲರೂ ಮೊದಲು ಬೈಯುವ ಕಾರಣಕ್ಕೆ ಬರೋಣ. ಮೆನ್‌ಹೇಡನ್. ಬಂಕರ್ ಅಂತಲೂ ಕರೆಯುತ್ತಾರೆ. ನಮ್ಮ ಬೂತಾಯಿಯ ದೂರದ ನೆಂಟ, ಅದರ ಹಾಗೆಯೇ ಎಣ್ಣೆ ತುಂಬಿದ ಮೀನು, ಹಿಂಡುಹಿಂಡಾಗಿ ಓಡಾಡುತ್ತದೆ. ಸ್ಟ್ರೈಪರ್‌ಗೆ ಬಹಳ ಇಷ್ಟದ ಊಟ. ವರ್ಜೀನಿಯಾದ ರೀಡ್‌ವಿಲ್ ಅನ್ನುವ ಊರಿನಲ್ಲಿ ಇದನ್ನು ಬೇಯಿಸಿ, ಹಿಂಡಿ, ಮೀನೆಣ್ಣೆ ಮತ್ತು ಮೀನಿನ ಹಿಟ್ಟು ಮಾಡುವ ಕಾರ್ಖಾನೆ ಇದೆ. ಉಳ್ಳಾಲ, ಮಲ್ಪೆ ಕಡೆಯವರಿಗೆ ಈ ಉದ್ಯಮದ ವಾಸನೆಯನ್ನು ವಿವರಿಸಬೇಕಾಗಿಲ್ಲ. ಸಣ್ಣ ವಿಮಾನಗಳು ಮೇಲಿನಿಂದ ಹಿಂಡು ಹುಡುಕುತ್ತವೆ, ಬೋಟುಗಳು ಹೋಗಿ ಪರ್ಸೀನ್ ಬಲೆಯಲ್ಲಿ ಸುತ್ತುವರಿಯುತ್ತವೆ. ಈ ಕೈಗಾರಿಕೆಗೆ ಚೆಸಪೀಕ್ ಕೊಲ್ಲಿಯೊಳಗೆ ವರ್ಷಕ್ಕೆ 51,000 ಟನ್‌ವರೆಗೆ ಹಿಡಿಯಲು ಅನುಮತಿ ಇತ್ತು. ಸ್ಟ್ರೈಪರ್ ಹಸಿದಿದೆ, ಅದಕ್ಕೇ ಕಡಿಮೆಯಾಗಿದೆ ಅನ್ನುವುದು ಗಾಳದವರ ವಾದ.

ಇದರಲ್ಲಿ ಹುರುಳಿದೆ. 2020ರಿಂದ ಆಯೋಗವೇ ಮೆನ್‌ಹೇಡನ್ ಮಿತಿಯನ್ನು ಗೊತ್ತುಮಾಡುವಾಗ ಸ್ಟ್ರೈಪರ್‌ಗೆ ಎಷ್ಟು ಊಟ ಬೇಕು ಅಂತಲೂ ನೋಡುತ್ತದೆ. ಹಸಿದ ದೊಡ್ಡ ಮೀನು ಬಡಕಲಾಗುತ್ತದೆ, ಬೇಗ ರೋಗಕ್ಕೆ ಬೀಳುತ್ತದೆ. ಅದೆಲ್ಲ ಸರಿ. ಆದರೆ ಹುಟ್ಟಿ ವಾರ ಕಳೆದ, ಕೂದಲೆಳೆಯಷ್ಟು ತೆಳ್ಳಗಿನ ಮರಿ ಮೆನ್‌ಹೇಡನ್ ತಿನ್ನುವುದಿಲ್ಲ. ಅದು ಸಾಯುತ್ತಿರುವುದು ಮೆನ್‌ಹೇಡನ್ ತಿನ್ನುವ ವಯಸ್ಸಿಗೆ ಬರುವ ಮೊದಲೇ. ನಾಳೆಯೇ ಆ ಕಾರ್ಖಾನೆ ಮುಚ್ಚಿದರೂ ಚೆಸಪೀಕ್‌ಗೆ ಸೇರುವ ಪೊಟೋಮ್ಯಾಕ್ ನದಿಯಲ್ಲಿ ಏಪ್ರಿಲ್ ತಿಂಗಳ ನೀರು ಬದಲಾಗುವುದಿಲ್ಲ. ಈ ಒಂದು ಸಾಮಾನ್ಯ ತರ್ಕವನ್ನು ಮೆನ್‌ಹೇಡನ್ ಜಗಳದಲ್ಲಿ ಎರಡೂ ಕಡೆಯವರು ಅಪರೂಪಕ್ಕೆ ಹೇಳುತ್ತಾರೆ.

ಉಳಿದ ಕಾರಣಗಳು ಮರಿಗಿಂತ ದೊಡ್ಡ ಮೀನಿಗೆ ಸಂಬಂಧಪಟ್ಟವು. ಸಸ್ಕ್ವೆಹನ್ನ ನದಿ ಪೆನ್ಸಿಲ್ವೇನಿಯಾದ ಹೊಲಗಳಿಂದ ಗೊಬ್ಬರ ಹೊತ್ತು ತರುತ್ತದೆ. ಪಾಚಿ ಬೆಳೆದು ಕೊಳೆತು, ಬೇಸಿಗೆಯಲ್ಲಿ ಕೊಲ್ಲಿಯ ತಳದ ನೀರಿನಲ್ಲಿ ಆಮ್ಲಜನಕ ಇಲ್ಲದಂತಾಗುತ್ತದೆ. ಮೇಲಿನ ನೀರು ಸ್ಟ್ರೈಪರ್‌ಗೆ ವಿಪರೀತ ಬಿಸಿ, ಕೆಳಗೆ ತಂಪಿದೆ ಆದರೆ ಉಸಿರಿಲ್ಲ. ನಡುವಿನ ತೆಳು ಪದರದಲ್ಲಿ ಮೀನು ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. 1997ರಲ್ಲಿ ಕೊಲ್ಲಿಯ ಸ್ಟ್ರೈಪರ್‌ಗಳಲ್ಲಿ ಮೈಕೋಬ್ಯಾಕ್ಟೀರಿಯಾ ಸೋಂಕು ಕಂಡುಬಂತು, ಕ್ಷಯದ ಬ್ಯಾಕ್ಟೀರಿಯಾದ ಕುಲದ್ದು. ಈಗ ಅಲ್ಲಿನ ಅರ್ಧಕ್ಕಿಂತ ಜಾಸ್ತಿ ಮೀನುಗಳಲ್ಲಿದೆ. ಮೈಮೇಲೆ ಹುಣ್ಣಾಗುತ್ತದೆ, ಎಷ್ಟೋ ಮೀನುಗಳಲ್ಲಿ ಹೊರಗೆ ಕಾಣುವುದೂ ಇಲ್ಲ. 1970ರ ದಶಕದಲ್ಲಿ ಆಟಕ್ಕೆಂದು ವರ್ಜೀನಿಯಾ ನದಿಗಳಿಗೆ ತಂದು ಬಿಟ್ಟ ಬ್ಲೂ ಕ್ಯಾಟ್‌ಫಿಶ್ ಈಗ ಕೊಲ್ಲಿಯ ಬಹುತೇಕ ನದಿಗಳಿಗೆ ಹಬ್ಬಿ, ಸಿಕ್ಕಿದ್ದನ್ನೆಲ್ಲ ತಿನ್ನುತ್ತಿದೆ. ಕೇಪ್ ಕಾಡ್ ಕಡೆಯವರು ಸೀಲ್‌ಗಳನ್ನು ಬೈಯುತ್ತಾರೆ.

ಗಾಳದವರು ಏನು ಮಾಡುತ್ತಿದ್ದಾರೆ

ಮೊದಲ ಪ್ರತಿಕ್ರಿಯೆ ಎಲ್ಲ ಕಡೆಯಂತೆಯೇ: ಎಲ್ಲಿ ಕಡಿಮೆಯಾಗಿದೆ, ನಿನ್ನೆ ನಮ್ಮ ಕಡೆ ತುಂಬ ಇತ್ತಲ್ಲ! ಹಾಗನ್ನುವವರು ಸುಳ್ಳು ಹೇಳುತ್ತಿಲ್ಲ. ಸ್ಟ್ರೈಪರ್ ಹಿಂಡಾಗಿ ಓಡಾಡುವ ಮೀನು. ಒಟ್ಟು ಸಂಖ್ಯೆ ಅರ್ಧವಾದರೂ ಬಂಕರ್ ಇರುವ ಕಡೆ ಹಿಂಡು ಸೇರುತ್ತದೆ, ಆ ಜಾಗದಲ್ಲಿ ನಿಂತವನಿಗೆ ಸಮುದ್ರವೇ ತುಂಬಿದಂತೆ ಕಾಣುತ್ತದೆ. ಕಡಿಮೆಯಾದದ್ದು ಗೊತ್ತಾಗುವುದು ಹಿಂಡು ಬಾರದ ದಡದಲ್ಲಿ ನಿಂತವನಿಗೆ. ಮೀನು ಮೂರು ಮೈಲಿ ಆಚೆ ಹೋಗಿದೆ, ಅದಕ್ಕೇ ಕಾಣುತ್ತಿಲ್ಲ ಅನ್ನುವವರೂ ಇದ್ದಾರೆ. ಮೂರು ಮೈಲಿ ದಾಟಿದರೆ ಕೇಂದ್ರದ ನೀರು. ಅಲ್ಲಿ 1990ರಿಂದ ಸ್ಟ್ರೈಪರ್ ಹಿಡಿಯುವಂತಿಲ್ಲ.

ಇನ್ನೊಂದು ಗುಂಪು ತಾನಾಗಿಯೇ ಬದಲಾಗಿದೆ. ಮೂರು ಮುಳ್ಳಿನ ಕೊಕ್ಕೆ ತೆಗೆದು ಒಂದೇ ಮುಳ್ಳಿನದು ಹಾಕುತ್ತಾರೆ. ಕೊಕ್ಕೆಯ ತುದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತಾರೆ, ಬಿಡಿಸುವುದು ಸುಲಭವಾಗಲಿ ಅಂತ. ಗಟ್ಟಿ ದಾರ ಬಳಸಿ ಬೇಗ ಎಳೆದುಕೊಳ್ಳುತ್ತಾರೆ, ಮೀನನ್ನು ನೀರಿನಿಂದ ಮೇಲೆತ್ತದೆ ಬಿಡಿಸುತ್ತಾರೆ. ಇಂಥ ಕೆಲವು ಅಭ್ಯಾಸ ಆಮೇಲೆ ನಿಯಮವೇ ಆಯಿತು. 2021ರಿಂದ ಎರೆ ಹಾಕಿ ಹಿಡಿಯುವವರು ಸರ್ಕಲ್ ಹುಕ್ ಬಳಸಲೇಬೇಕು. ಇದರ ಮೊನೆ ಒಳಕ್ಕೆ ಬಾಗಿರುವುದರಿಂದ ಗಂಟಲಿಗೆ ಇಳಿಯದೆ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. 2022ರಲ್ಲಿ ಮೀನಿಗೆ ಕಬ್ಬಿಣದ ಕೊಂಡಿ ಚುಚ್ಚಿ ಮೇಲೆಳೆಯುವುದನ್ನೂ ನಿಷೇಧಿಸಿದರು. ಮೇರಿಲ್ಯಾಂಡ್ ಬೇಸಿಗೆಯಲ್ಲಿ ದಿನದ ಬಿಸಿಲು ನೋಡಿ ಹಸಿರು, ಹಳದಿ, ಕೆಂಪು ಅಂತ ಸೂಚನೆ ಕೊಡುತ್ತದೆ. ಗಾಳಿಯ ಉಷ್ಣತೆ 35 ಡಿಗ್ರಿ ದಾಟುವ ದಿನ ಕೆಂಪು, ಆವತ್ತು ಸ್ಟ್ರೈಪರ್ ತಂಟೆಗೇ ಹೋಗಬೇಡಿ ಅಂತ.

ಮನೆಗೆ ಒಯ್ಯುವ ನಿಯಮ ಇನ್ನೂ ಬಿಗಿಯಾಯಿತು. 2020ರಲ್ಲಿ ಸಮುದ್ರದ ದಡದಲ್ಲಿ ದಿನಕ್ಕೆ ಒಂದು ಮೀನು, ಅದೂ 28ರಿಂದ 35 ಇಂಚಿನ ಒಳಗಿನದು ಅಂತ ಮಾಡಿದರು. ಇದನ್ನು ಸ್ಲಾಟ್ ಅನ್ನುತ್ತಾರೆ. ಚಿಕ್ಕದು ಬೆಳೆಯಲಿ, ದೊಡ್ಡ ತಾಯಿ ಮೊಟ್ಟೆ ಇಡಲಿ, ನಡುವಿನದು ಬೇಕಾದರೆ ಒಯ್ಯಿ. ಆದರೆ 2022ರ ಹೊತ್ತಿಗೆ 2015ರ ದೊಡ್ಡ ಬ್ಯಾಚ್ ಬೆಳೆದು ಸರಿಯಾಗಿ ಈ ಅಳತೆಯೊಳಗೆ ಬಂದು ಕೂತಿತು. ಆ ವರ್ಷ ಮನೆಗೆ ಒಯ್ದ ಮೀನು ಹಿಂದಿನ ವರ್ಷದ ಹತ್ತಿರಹತ್ತಿರ ಎರಡು ಪಟ್ಟು. ಯಾವ ಬ್ಯಾಚನ್ನು ಉಳಿಸಿಕೊಳ್ಳಬೇಕಿತ್ತೋ ಅದಕ್ಕೇ ಬಾಗಿಲು ತೆರೆದಿಟ್ಟಂತಾಗಿತ್ತು. 2023ರ ಮೇ ತಿಂಗಳಲ್ಲಿ ಆಯೋಗ ಗಡಿಬಿಡಿಯಲ್ಲಿ ಮೇಲಿನ ಮಿತಿಯನ್ನು 31 ಇಂಚಿಗೆ ಇಳಿಸಿತು. ಮರುವರ್ಷ ಕೊಲ್ಲಿಯೊಳಗೂ 19ರಿಂದ 24 ಇಂಚು, ಎಲ್ಲರಿಗೂ ಒಂದೇ ಮೀನು ಅಂತಾಯಿತು.

ಗಾಳದವರ ಒಳಜಗಳ ಜೋರಾದದ್ದು ಇಲ್ಲಿಂದ. ಬಾಡಿಗೆ ಬೋಟಿನ ಕ್ಯಾಪ್ಟನ್‌ಗಳಿಗೆ ಇದು ಹೊಟ್ಟೆಪಾಡು. ಇಡೀ ಸಂಸಾರ ಕರೆದುಕೊಂಡು ಬಂದು ದುಡ್ಡು ಕೊಟ್ಟವರು ಸಂಜೆ ಹುರಿಯಲು ಮೀನು ಕೇಳುತ್ತಾರೆ. ಮೇರಿಲ್ಯಾಂಡಿನ ಬೋಟಿನವರು ಕೋರ್ಟಿಗೂ ಹೋದರು. ಇತ್ತ ರಾತ್ರಿ ದಡದಲ್ಲಿ ನಿಂತು ಹಿಡಿದು ಬಿಡುವವರು, ತಿನ್ನಲು ಒಯ್ಯುವವರನ್ನು ಕೊಲೆಗಾರರ ಹಾಗೆ ನೋಡುತ್ತಾರೆ. ನನಗೆ ಈ ಎರಡನೆಯವರ ಸಿಟ್ಟು ಅಷ್ಟು ಸರಿ ಅನಿಸುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಬ್ಬ ಅಳತೆಗೆ ಸರಿಯಾದ ಒಂದು ಮೀನು ಹಿಡಿದು ಮನೆಗೆ ಹೋದ. ಅವನು ಕೊಂದದ್ದು ಒಂದು. ಇನ್ನೊಬ್ಬ ಒಂದು ರಾತ್ರಿಗೆ 30 ಹಿಡಿದು 30ನ್ನೂ ಬಿಟ್ಟ. 9 ಪರ್ಸೆಂಟ್ ಪ್ರಕಾರ ಸುಮಾರು ಮೂರು ಸತ್ತವು, ಯಾರ ಹೊಟ್ಟೆಗೂ ಸೇರದೆ. ನಾನು ಒಂದನ್ನೂ ಒಯ್ಯುವುದಿಲ್ಲ ಅನ್ನುವ ಮಾತು ಕೇಳಲು ಚೆಂದ, ಆದರೆ ಗಾಳ ನೀರಿನಲ್ಲಿ ಎಷ್ಟು ಹೊತ್ತಿತ್ತು ಅನ್ನುವ ಪ್ರಶ್ನೆಗೆ ಅದು ಉತ್ತರ ಅಲ್ಲ.

ಹಾಗಾಗಿ ಇನ್ನು ಉಳಿದಿರುವ ದಾರಿ, ವರ್ಷದ ಕೆಲವು ವಾರ ಸ್ಟ್ರೈಪರ್‌ಗೆ ಗಾಳವನ್ನೇ ಹಾಕದಿರುವುದು. ಮೇರಿಲ್ಯಾಂಡ್ ಜುಲೈ ತಿಂಗಳ ಕೊನೆಯ ಎರಡು ವಾರ ಹೀಗೆ ಮಾಡಿತ್ತು. 2024ರಿಂದ ವಸಂತದಲ್ಲಿ ದೊಡ್ಡ ಮೀನು ಹಿಡಿಯುವ ಸೀಸನ್ನನ್ನೂ ರದ್ದು ಮಾಡಿತು. ಉಳಿದ ಕಡೆ ಇದಕ್ಕೆ ಭಾರೀ ವಿರೋಧ. ನಾನು ಹಾಕಿದ್ದು ಬ್ಲೂಫಿಶ್‌ಗೆ, ಸಿಕ್ಕಿದ್ದು ಸ್ಟ್ರೈಪರ್ ಅಂದರೆ ಯಾವ ಪೊಲೀಸ್ ಏನು ಮಾಡುತ್ತಾನೆ? ಎರೆ, ಕೊಕ್ಕೆ ಮಾರುವ ಅಂಗಡಿಗಳ ವ್ಯಾಪಾರ ಏನಾಗಬೇಕು? ಹತ್ತು ವರ್ಷ ಪೂರ್ತಿ ನಿಲ್ಲಿಸಿ ಅನ್ನುವವರೂ ಇದ್ದಾರೆ, ಅವರ ಕಣ್ಣಮುಂದೆ 1985 ಇದೆ. ಆದರೆ ನಿಲ್ಲಿಸಿದ ಮಾತ್ರಕ್ಕೆ ಮರಿ ಹುಟ್ಟುವುದಿಲ್ಲ, ಒಳ್ಳೆಯ ವಸಂತ ಬರುವ ದಿನ ನದಿಯಲ್ಲಿ ತಾಯಿ ಮೀನು ಇರುವಂತೆ ನೋಡಿಕೊಳ್ಳಬಹುದು ಅಷ್ಟೇ. ನಮ್ಮ ಕೈಯಲ್ಲಿರುವುದು ಅದೊಂದೇ ಆದ್ದರಿಂದ ಅದನ್ನಾದರೂ ಮಾಡಬೇಕು ಅನ್ನುವ ಕಡೆಗೇ ನನ್ನ ಒಲವು.

ಆಯೋಗ 2029ರೊಳಗೆ ಮೀನನ್ನು ಗುರಿಯ ಮಟ್ಟಕ್ಕೆ ತರಬೇಕು ಅಂತ ತನಗೆ ತಾನೇ ಗಡುವು ಹಾಕಿಕೊಂಡಿದೆ. ಅದಕ್ಕಾಗಿ ಇನ್ನೂ 12 ಪರ್ಸೆಂಟ್ ಕಡಿತ ಮಾಡುವ ಪ್ರಸ್ತಾವ 2025ರ ಅಕ್ಟೋಬರ್‌ನಲ್ಲಿ ಮುಂದೆ ಬಂತು. ಬೇಡ ಅಂತ ತೀರ್ಮಾನ ಆಯಿತು, ಇದ್ದ ನಿಯಮಗಳೇ ಉಳಿದವು. 28 ಇಂಚು ತಲುಪಲು ಸ್ಟ್ರೈಪರ್‌ಗೆ ಸುಮಾರು ಏಳೆಂಟು ವರ್ಷ ಬೇಕು. ಸರಾಸರಿ ದಾಟಿದ ಕೊನೆಯ ಬ್ಯಾಚ್ 2018ರದ್ದು. ಅದು ಈಗ ಸ್ಲಾಟ್ ಒಳಗಿದೆ, ಇನ್ನೆರಡು ವರ್ಷದಲ್ಲಿ 31 ಇಂಚು ದಾಟಿಹೋಗುತ್ತದೆ. ಅದರ ಹಿಂದೆ ಬರುತ್ತಿರುವವು 2019ರಿಂದ ಈಚಿನ ಏಳು ಬ್ಯಾಚುಗಳು.